ಇಲ್ಲದ ಹರಳಿಗೆ ಹುರಳಿ ಕಟ್ಟು

ಯಂತ್ರಗಳ ಮೇಲೆ ಮೈಗಳ್ಳರಿಗೆ ಇರುವಷ್ಟು ಭಕ್ತಿ ಇನ್ನಾರಿಗೂ ಇರಲಾರದು. ನಾನೂ ಆ ಭಕ್ತರಲ್ಲೊಬ್ಬ. ಸವಣೂರಿನ ನಮ್ಮ ಮನೆಯ ಬೋರಿನ ನೀರು ಬಲು ಸವಳು. ಬೇಳೆ ಬೇಯುವುದಿಲ್ಲ, ಸೋಪು ನೊರೆ ಬಿಡುವುದಿಲ್ಲ, ಬಕೆಟ್ಟಿಗೆ ಬಿಳಿ ಪೊರೆ ಕಟ್ಟುತ್ತದೆ. ಹಾಗಾಗಿ ಕುಡಿಯಲು, ಅಡುಗೆಗೆ ಎರಡು ಕೊಡ ಸಿಹಿನೀರನ್ನು ಹಿಂದಿನ ಓಣಿಯ ಮಕ್ತುಮಸಾಬರ ಎಲೆತೋಟದ ಬಾವಿಯಿಂದ ದಿನಾ ಬೆಳಿಗ್ಗೆ ನಾನೇ ತರುತ್ತಿದ್ದೆ. ಹನ್ನೊಂದು ವರ್ಷ ಹೊತ್ತೆ. ಕೆಲಸ ಹತ್ತು ನಿಮಿಷದ್ದು. ನನಗೆ ಮುಕ್ಕಾಲು ಗಂಟೆ ಬೇಕಾಗುತ್ತಿತ್ತು. ಸಾಬರು ಬಾವಿಕಟ್ಟೆಯ ಮೇಲೆ ಕೂತು ವೀಳ್ಯದೆಲೆ ಕಟ್ಟು ಕಟ್ಟುವರು, ನಾನು ಊರ ಸುದ್ದಿಯ ಕಟ್ಟು ಬಿಚ್ಚುವೆ. "ನೀರು ತರಾಕ ಹೋಗಿದ್ರೋ, ಬಾವಿ ತೋಡಾಕ ಹೋಗಿದ್ರೋ?" ಎಂದು ನನ್ನ ಹೆಂಡತಿ ಗಿರಿಜಾ ಕೇಳುವಳು.

ಈ ವರ್ಷ ನನ್ನ ಸೊಂಟ ತಕರಾರು ತೆಗೆಯಿತು. ಸೊಂಟಕ್ಕಿಂತ ಮೊದಲು ಸೋಮಾರಿತನ ತೆಗೆಯಿತು ಎಂಬುದು ಗಿರಿಜೆಯ ಅಭಿಪ್ರಾಯ. ಅಂತೂ ಅಕ್ಕಿಆಲೂರಿನಿಂದ ಒಬ್ಬ ಮೆಕ್ಯಾನಿಕ್ ಬಂದು ಅಡುಗೆಮನೆಗೆ ಫಿಲ್ಟರನ್ನೂ, ಮಾಳಿಗೆಯ ಮೇಲೆ ನೀರು ಮೆದು ಮಾಡುವ ಉದ್ದನೆಯ ಸಿಲಿಂಡರನ್ನೂ ಕೂಡಿಸಿದ. ಅದರ ಪಕ್ಕದ ಡಬ್ಬಿಗೆ ಅವನು ಒಂದು ಚೀಲ ಉಪ್ಪು ಸುರುವಿದಾಗ ಗಿರಿಜಾ ಗಾಬರಿಯಾದಳು. "ಅಲ್ಲಪಾ, ಮೊದಲ ಸವಳ ನೀರು. ಅದಕ್ಕ ಮತ್ತ ಉಪ್ಪು ಹಾಕತೀಯಲ್ಲ!"

"ಅದು ಒಳಗಿನ ಮಷೀನ್ ತೊಳ್ಯಾಕ್ರಿ ಅಕ್ಕಾರ. ನೀರು ಉಪ್ಪಾಗೂದಿಲ್ಲ," ಎಂದ ಅವನು. ಅಂದೇ ಬೇಳೆ ಬೆಣ್ಣೆಯಂತೆ ಬೆಂದಿತು.

ನಾಲ್ಕನೆಯ ದಿನ ಮಕ್ತುಮಸಾಬರು ಬಾಗಿಲಿಗೆ ಬಂದರು. "ಯಾಕ್ರಿ ಸರ, ನೀರಿಗಿ ಬರಲಿಲ್ಲ? ನಮ್ಮ ಬಾವಿ ನೀರು ಕೆಟ್ಟೈತೇನ್ರಿ?"

ಆ ಮುಖ ನೋಡಿ ನಿಜ ಹೇಳಲು ನಾಲಿಗೆ ಏಳಲಿಲ್ಲ. "ಕಿಡ್ನ್ಯಾಗ ಹರಳಾಗೇತ್ರಿ. ಡಾಕ್ಟ್ರು ಫಿಲ್ಟರ್ ನೀರ ಕುಡೀರಿ ಅಂದಾರ," ಎಂದುಬಿಟ್ಟೆ.

ಮರುದಿನ ಬೆಳಿಗ್ಗೆ ಒಂದು ತಂಬಿಗೆ ಹುರಳಿ ಕಟ್ಟು ಹಿಡಿದು ಅವರು ಹಾಜರು. "ನಮ್ಮ ಮನ್ಯಾಕಿ ಕುದಿಸಿ ಕೊಟ್ಟಾಳ್ರಿ. ಹರಳು ಕರಗತೈತಿ." ಉಪ್ಪಿಲ್ಲ, ಖಾರವಿಲ್ಲ. ಎದುರಿಗೆ ಕೂತು ಕುಡಿಸಿದರು. ಹೀಗೆ ಹದಿನೈದು ದಿನ ನಡೆಯಿತು. ಗಿರಿಜಾ ಒಳಗೆ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದಳು. ನನಗೆ ಮಾತ್ರ ನಗು ಬರುತ್ತಿರಲಿಲ್ಲ. ಮಂಡಿನೋವಿನ ಆ ಮನುಷ್ಯ ತಂಬಿಗೆ ತುಳುಕದಂತೆ ನಮ್ಮ ಮೆಟ್ಟಿಲು ಹತ್ತುವುದನ್ನು ನೋಡಿದರೆ ಆ ಸುಳ್ಳು ಯಾಕಾದರೂ ಹೇಳಿದೆನೋ ಅನಿಸುತ್ತಿತ್ತು.

ಹದಿನಾರನೆಯ ದಿನ ಅವರು ತಂಬಿಗೆ ಇಡುತ್ತಲೇ ತಡೆಯಲಾಗದೆ ಹೇಳಿದೆ. "ಸಾಬ್ರ, ತಪ್ಪಾತ್ರಿ. ಹರಳೂ ಇಲ್ಲ, ಏನೂ ಇಲ್ಲ. ನೀರು ಹೊರೂದು ಬ್ಯಾಸರಾಗಿತ್ತು, ಅಷ್ಟ."

ಅವರು ಟೋಪಿ ಸರಿಮಾಡಿಕೊಂಡು ನಕ್ಕರು. "ಗೊತ್ತೈತ್ರಿ. ಮೊದಲನೇ ದಿನಾನ ಗಿರಿಜಕ್ಕಾರು ನಮ್ಮ ಮನ್ಯಾಕಿ ಮುಂದ ಹೇಳ್ಯಾರ."

"ಮತ್ತ ದಿನಾ ಯಾಕ ತಂದ್ರಿ?"

"ನೀವಂತೂ ಬರೂದು ಬಿಟ್ರಿ. ಮುಂಜಾನೆ ಮಾತಾಡಾಕ ನನಗೂ ಯಾರರ ಬೇಕಲ್ರಿ? ಬರಿಗೈಲೆ ಹೆಂಗ ಬರೂದು?"

ಅಷ್ಟರಲ್ಲಿ ಗಿರಿಜಾ ಎರಡು ಕಪ್ ಚಹಾ ತಂದಿಟ್ಟಳು. ನಾನು ಕೈ ಚಾಚಿದೆ. ಸಾಬರು ಎರಡೂ ಕಪ್ಪನ್ನು ತಮ್ಮ ಕಡೆ ಎಳೆದುಕೊಂಡು, ತಂಬಿಗೆಯನ್ನು ನನ್ನ ಮುಂದೆ ಸರಿಸಿದರು.

"ಮೊದಲ ಇದನ್ನ ಕುಡೀರಿ. ಇವತ್ತಿಂದು ಹರಳಿಗಲ್ರಿ, ಸುಳ್ಳಿಗಿ."