ಚುಕ್ಕೆಗಳಲ್ಲಿ ಬಂದ ವರ್ಗಾವಣೆ ಪಟ್ಟಿ

ಪತ್ತೇದಾರ ಎಲ್ಲರನ್ನೂ ಬಂಗಲೆಯ ಹಜಾರದಲ್ಲಿ ಕೂರಿಸಿ, ಬಾಗಿಲಿಗೆ ಅಗುಳಿ ಹಾಕಿ, "ಗಡಿಯಾರದಂಗಡಿಯ ಮುದುಕನನ್ನು ಕೊಂದವರು ಈ ಕೋಣೆಯಲ್ಲೇ ಇದ್ದಾರೆ" ಎಂದು ಗಂಟಲು ಸರಿಮಾಡಿಕೊಂಡ. ಸರಿಯಾಗಿ ಅದೇ ಹೊತ್ತಿಗೆ ನೀರು ಸರಬರಾಜು ಕಚೇರಿಯ ನೆಟ್ ಹೋಯಿತು.

ಮೆಟ್ಟಿಲ ಕೆಳಗಿನ ಪುಟ್ಟ ಕೋಣೆಯಲ್ಲಿ ಟೆಲಿಫೋನ್ ಆಪರೇಟರ್ "ಅಯ್ಯೋ ನಿನ್ನ!" ಎಂದ. ಅತ್ತ ಕಡೆಯಲ್ಲಿ ನಲ್ಲಿ ಸೋರುತ್ತಿದೆ ಎಂದು ದೂರು ಹೇಳುತ್ತಿದ್ದ ಹೆಂಗಸು, "ಅಷ್ಟೇನೂ ಸೋರ್ತಿಲ್ಲ ಬಿಡಿ" ಎಂದು ಹೆದರಿ ಫೋನ್ ಇಟ್ಟುಬಿಟ್ಟಳು.

ಆಪರೇಟರಿಗೆ ಹುಟ್ಟಿನಿಂದ ಕಣ್ಣಿಲ್ಲ. ಅದಕ್ಕೆ ಅವನು ಕೊರಗಿದ್ದು ಕಡಿಮೆ, ಕೊರಗಿದ್ದೆಲ್ಲ ಪುಸ್ತಕಕ್ಕೆ. ಹಿಂದೆ ಒಂದು ಕಾದಂಬರಿ ಬ್ರೈಲ್‌ನಲ್ಲಿ ಬಂದರೆ ಒಂಬತ್ತು ದಪ್ಪ ಸಂಪುಟ. "ಒಂದು ಕೊಲೆಗೆ ಒಂದು ಬೀರು ಬೇಕಲ್ರೀ ನಿಮಗೆ! ನಮ್ಮ ಬಟ್ಟೆ ಎಲ್ಲಿಡೋಣ?" ಎಂದು ಹೆಂಡತಿ ಗೊಣಗುತ್ತಿದ್ದಳು. ಈಗ ಟಿಫಿನ್ ಡಬ್ಬಿಯಷ್ಟು ದೊಡ್ಡ ಯಂತ್ರ ಬಂದಿದೆ. ಅಂಧ ಓದುಗರ ಆನ್‌ಲೈನ್ ಗ್ರಂಥಾಲಯದಿಂದ ಪುಸ್ತಕ ನೆಟ್‌ನಲ್ಲಿ ಹರಿದು ಬರುತ್ತದೆ, ಯಂತ್ರದ ಮೇಲೆ ಒಂದು ಸಾಲು ಚುಕ್ಕೆ ಮೇಲೇಳುತ್ತದೆ, ಬೆರಳಾಡಿಸಿದರೆ ಓದು. ಆಪರೇಟರ್ ಅದನ್ನು ಅರ್ಧ ತೆರೆದ ಡ್ರಾಯರಿನಲ್ಲಿಟ್ಟುಕೊಂಡು, ಕಿವಿಯಲ್ಲಿ ಊರಿನ ನಲ್ಲಿಗಳ ಕಷ್ಟ, ಬೆರಳಲ್ಲಿ ಕೊಲೆ, ಹೀಗೆ ಎರಡನ್ನೂ ಒಟ್ಟಿಗೆ ಸಾಗಿಸುತ್ತಿದ್ದ. "ಆಪರೇಟರ್‌ನ ನೋಡಿ ಕಲೀರಿ, ತಲೆ ಎತ್ತದೆ ಕೆಲಸ ಮಾಡ್ತಾನೆ" ಎಂದು ಮ್ಯಾನೇಜರ್ ಸಾಹೇಬರು ಎರಡು ಸಲ ಮೀಟಿಂಗಿನಲ್ಲೇ ಹೊಗಳಿದ್ದರು.

ಆದರೆ ಆ ಗ್ರಂಥಾಲಯಕ್ಕೆ ಪುಸ್ತಕ ಕಳುವಾದೀತೆಂದು ವಿಪರೀತ ಭಯ. ಚುಕ್ಕೆ ಕದಿಯುವುದಕ್ಕೆ ಊರ ತುಂಬ ಕಳ್ಳರು ಕಾಯುತ್ತಿದ್ದಾರೇನೋ ಎಂಬಂತೆ ಒಂದು ಸಲಕ್ಕೆ ಒಂದೇ ಅಧ್ಯಾಯ ಬಿಡುವುದು, ಅದೂ ನೆಟ್ ಇದ್ದರಷ್ಟೇ. ಈ ಪುಸ್ತಕಕ್ಕಾಗಿ ಅವನು ಏಳು ತಿಂಗಳು ಸರದಿಯಲ್ಲಿ ಕಾದಿದ್ದ. ಇವತ್ತು ಸಂಜೆ ಐದಕ್ಕೆ ಅವಧಿ ಮುಗಿದು ಪುಸ್ತಕ ತಾನಾಗಿ ಮುಂದಿನವರಿಗೆ ಹೋಗುತ್ತದೆ. ಹಿಂದೆ ಅರವತ್ತನಾಲ್ಕು ಜನ ಇದ್ದಾರೆ. ಮತ್ತೆ ಅವನ ಸರದಿ ಬರುವಷ್ಟರಲ್ಲಿ ಆ ಕೊಲೆಗಾರ ಜೈಲಿಂದ ಬಿಡುಗಡೆಯಾಗಿ ಬಂದಿರುತ್ತಾನೆ.

ಉಳಿದಿದ್ದು ಒಂದೇ ಅಧ್ಯಾಯ. ಟೆಲಿಫೋನ್ ಬೋರ್ಡನ್ನು ಜವಾನನಿಗೆ ಒಪ್ಪಿಸಿ, ಗೋಡೆ ಸವರಿಕೊಂಡು ಆಪರೇಟರ್ ಹೆಡ್ ಕ್ಲರ್ಕ್ ಮೇಜಿನ ಮುಂದೆ ನಿಂತ.

"ಸಾರ್, ನೆಟ್ ಹೋಗಿದೆ."

"ಹೋಗಿಲ್ಲ, ತೆಗೆಸಿದೀವಿ. ಎಲ್ಲರೂ ಕೆಲಸ ಬಿಟ್ಟು ಸಿನಿಮಾ ನೋಡ್ತಾರಂತೆ. ಇವತ್ತಿಂದ ಸಾಹೇಬರ ಕೋಣೆಯಲ್ಲಿ ಮಾತ್ರ." ಹೆಡ್ ಕ್ಲರ್ಕ್ ಫೈಲಿನಿಂದ ತಲೆ ಎತ್ತಿದರು. "ಅಲ್ರೀ, ನಿಮಗ್ಯಾಕ್ರೀ ನೆಟ್ಟು? ಏನ್ ನೋಡ್ತೀರಿ ಅದರಲ್ಲಿ?"

ಇಲ್ಲಿ ಆಪರೇಟರ್ ನಿಜ ಹೇಳಿದ್ದರೆ ಕತೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಕಚೇರಿ ವೇಳೆಯಲ್ಲಿ ಕಾದಂಬರಿ ಓದಿದ್ದಕ್ಕೆ ಹೋದ ವರ್ಷ ಒಬ್ಬ ಗುಮಾಸ್ತನಿಗೆ ಮೆಮೊ ಸಿಕ್ಕಿತ್ತು. ಅವನ ನಾಲಿಗೆ ತನ್ನಷ್ಟಕ್ಕೆ ತಾನೇ ಹೊರಳಿಬಿಟ್ಟಿತು.

"ಹೆಡ್ ಆಫೀಸಿಂದ ಒಂದು ಕಾಗದ ಬಂದಿದೆ ಸಾರ್. ಬ್ರೈಲ್‌ನಲ್ಲಿ. ಕೊನೆ ಪುಟಗಳು ಬಾಕಿ ಇವೆ."

"ನಮಗೆ ಕಳಿಸ್ದೆ ನಿಮಗೆ ಕಳಿಸಿದ್ದಾರಾ? ಅದೂ ಬ್ರೈಲ್‌ನಲ್ಲಿ?"

"ಗೋಪ್ಯ ಇರಬೇಕು ಸಾರ್. ಸಂಜೆ ಐದಕ್ಕೆ ತಾನಾಗೇ ಅಳಿಸಿ ಹೋಗುತ್ತೆ."

ಹೆಡ್ ಕ್ಲರ್ಕ್ ಪೆನ್ನಿನ ಮುಚ್ಚಳ ಹಾಕಿದ ಸದ್ದು ಕೇಳಿತು. ಅದು ವರ್ಗಾವಣೆಯ ತಿಂಗಳು. ಯಾರ ಹೆಸರು ಎಲ್ಲಿಗೆ ಬೀಳುತ್ತದೋ ಎಂದು ಹದಿನೈದು ದಿನದಿಂದ ಇಡೀ ಕಚೇರಿ ಸರಿಯಾಗಿ ನಿದ್ದೆ ಮಾಡಿರಲಿಲ್ಲ. ಸೋರಿಕೆಯಾಗಬಾರದೆಂದು ಪಟ್ಟಿಯನ್ನು ಯಾರಿಗೂ ಓದಲು ಬಾರದ ಚುಕ್ಕೆಯಲ್ಲಿ ಕಳಿಸಿದ್ದಾರೆ! ಎಂಥ ತಲೆ! ಹೆಡ್ ಕ್ಲರ್ಕ್‌ಗೆ ಹೆಡ್ ಆಫೀಸಿನ ಮೇಲೆ ಮೊದಲ ಸಲ ಗೌರವ ಬಂತು.

"ಸಾಹೇಬರು ಹೊರಗೆ ಹೋಗಿದ್ದಾರೆ, ನಾಲ್ಕಕ್ಕೆ ಬರ್ತಾರೆ. ಕೋಣೆ ಬೀಗ ಅವರ ಹತ್ರ ಇದೆ. ನೀವು ಕೂತಿರಿ, ಕೂತಿರಿ," ಎಂದು ಅವರು ತಾವೇ ಆಪರೇಟರನ ತೋಳು ಹಿಡಿದು ಮೆಟ್ಟಿಲ ಕೆಳಗಿನವರೆಗೆ ಬಿಟ್ಟು ಬಂದರು. ಹನ್ನೆರಡು ವರ್ಷದಲ್ಲಿ ಅವರು ಆ ಕೋಣೆಗೆ ಕಾಲಿಟ್ಟದ್ದು ಅದೇ ಮೊದಲು.

ಆಮೇಲೆ ಕೇಳಬೇಕೆ! ಹನ್ನೊಂದು ಗಂಟೆಗೆ ಟೈಪಿಸ್ಟ್ ಅಕ್ಕ ಕಾಫಿ ತಂದಳು. ಸಕ್ಕರೆ ಎರಡು ಚಮಚ ಹೆಚ್ಚೇ ಬಿದ್ದಿತ್ತು.

"ಅಣ್ಣ, ಮಗಳಿಗೆ ಈ ಸಲ ದೊಡ್ಡ ಪರೀಕ್ಷೆ. ನಾನು ಬೇರೆ ಊರಿಗೆ ಹೋದ್ರೆ ಅವಳ ಗತಿ ಏನು? ನನ್ನ ಹೆಸರಿದ್ರೆ ಈಗ್ಲೇ ಹೇಳಿಬಿಡಿ, ಗಟ್ಟಿ ಮನಸ್ಸು ಮಾಡ್ಕೋತೀನಿ."

ಆಪರೇಟರಿಗೆ ನಿಜಕ್ಕೂ ಪಾಪ ಅನ್ನಿಸಿತು. "ಅಕ್ಕ, ಅದು ವರ್ಗಾವಣೆ ಪಟ್ಟಿ ಅಲ್ವೇ ಅಲ್ಲ. ನನ್ನಾಣೆಗೂ ಅಲ್ಲ."

ಟೈಪಿಸ್ಟ್ ಅಕ್ಕ ಗೊಳೋ ಎಂದು ಅಳತೊಡಗಿದಳು. "ಆಣೆ ಇಟ್ಟು ಮುಚ್ಚಿಡ್ತೀರಿ ಅಂದ್ರೆ ನನ್ನ ಹೆಸರೇ ಇದೆ ಅಂತಾಯ್ತಲ್ಲ!"

ಮಧ್ಯಾಹ್ನದ ಹೊತ್ತಿಗೆ ಆಪರೇಟರನ ಮುರುಕು ಕುರ್ಚಿ ಹೋಗಿ ಮೆತ್ತೆಯ ಕುರ್ಚಿ ಬಂತು, ಎಂಟು ತಿಂಗಳಿಂದ ತಿರುಗದ ಫ್ಯಾನು ತಿರುಗಿತು. ಎರಡು ಗಂಟೆಗೆ ಹೆಡ್ ಕ್ಲರ್ಕ್ ಮತ್ತೆ ಬಂದು ಬಾಗಿಲು ಮುಚ್ಚಿಕೊಂಡರು.

"ನಮ್ಮಿಬ್ಬರ ಮಧ್ಯೆ ಏನಿದ್ರೂ ಮರ್ತುಬಿಡಿ. ನಿಮ್ಮ ರಜೆ ಅರ್ಜಿ ಮೂರು ಸಲ ಕಳೆದುಹೋಯ್ತಲ್ಲ, ಅದು ಇವತ್ತು ಸಿಕ್ತು. ಒಂದೇ ಒಂದು ಸಲ ಆ ಪಟ್ಟಿ ಮುಟ್ಟಿ ನೋಡ್ಲಾ?"

ಬೇಡ ಎನ್ನುವುದರೊಳಗೆ ಅವರು ಕಣ್ಣು ಮುಚ್ಚಿ ಯಂತ್ರದ ಮೇಲೆ ಬೆರಳಾಡಿಸಿದ್ದರು. ಎರಡನೆಯ ಸಲವೂ ಆಡಿಸಿದರು.

"ಇದು... ಇದು ನನ್ನ ಹೆಸರಲ್ವೇನ್ರೀ? ಮೊದಲು ಉಬ್ಬು, ಆಮೇಲೆ ತಗ್ಗು. ನನ್ನದೇ!"

ಆ ಸಾಲಿನಲ್ಲಿ ಇದ್ದದ್ದು 'ಸಂಪರ್ಕ ಇಲ್ಲ, ಮತ್ತೆ ಪ್ರಯತ್ನಿಸಿ' ಎಂಬುದಷ್ಟೆ. ಆಪರೇಟರ್ ಹಾಗೆಂದು ಹೇಳಿಯೂ ಹೇಳಿದ. ಹೆಡ್ ಕ್ಲರ್ಕ್ ನಂಬಲಿಲ್ಲ. ಬೆವರು ಒರೆಸಿಕೊಳ್ಳುತ್ತಾ ಹೊರಟುಹೋದರು. ಆಪರೇಟರಿಗೆ ಈಗ ಕೊಲೆಗಾರನ ಚಿಂತೆಗಿಂತ ತನ್ನ ಚಿಂತೆ ಹೆಚ್ಚಾಯಿತು. ಆದರೂ ಬೆರಳ ತುದಿಯಲ್ಲಿ ಆ ಹಜಾರ ತುರಿಸುತ್ತಲೇ ಇತ್ತು. ಸೋದರಳಿಯನೋ, ಡಾಕ್ಟರನೋ, ಅಡುಗೆಯವಳೋ? ಏಳು ತಿಂಗಳು ಕಾದದ್ದು ಪತ್ತೇದಾರ ಅಗುಳಿ ಹಾಕಿದ ಸದ್ದು ಕೇಳುವುದಕ್ಕಾ?

ಸಾಹೇಬರು ಬಂದಾಗ ನಾಲ್ಕೂ ಕಾಲು. ವಿಷಯ ಅವರಿಗೆ ಗೇಟಿನಲ್ಲೇ ತಲುಪಿತ್ತು. ಅವರ ಹೆಸರೂ ಪಟ್ಟಿಯಲ್ಲಿ ಇರಬಾರದೆಂದೇನಿಲ್ಲವಲ್ಲ! ಅವರು ಕೋಟನ್ನೂ ಬಿಚ್ಚದೆ ಆಪರೇಟರನನ್ನು ತಮ್ಮ ಕೋಣೆಗೆ ಕರೆಸಿ, ತಮ್ಮ ಮೇಜಿನ ಮೇಲಿನ ಫೈಲುಗಳನ್ನು ತಾವೇ ಸರಿಸಿ, ಯಂತ್ರವನ್ನು ನೆಟ್ಟಿಗೆ ಸೇರಿಸಿಕೊಟ್ಟರು. ಹಿಂದೆ ಕಚೇರಿಗೆ ಕಚೇರಿಯೇ ನುಗ್ಗಿತು. ಯಾರೂ ಹೋಗಿ ಎನ್ನಲಿಲ್ಲ.

ಚುಕ್ಕೆಗಳು ಜೀವ ಬಂದಂತೆ ಮೇಲೆದ್ದವು. 'ಪತ್ತೇದಾರ ಒಬ್ಬೊಬ್ಬರ ಮುಖವನ್ನೂ ನೋಡಿದ. ನಿಮ್ಮಲ್ಲೊಬ್ಬರು ಬೆಳಗಿನಿಂದ ಸುಳ್ಳು ಹೇಳುತ್ತಿದ್ದೀರಿ ಎಂದ.'

ಆಪರೇಟರನ ಬೆರಳು ಅಲ್ಲೇ ನಿಂತಿತು.

"ಗಟ್ಟಿಯಾಗಿ ಓದ್ರಿ," ಎಂದರು ಸಾಹೇಬರು.

"ವಿಷಯ..." ಎಂದ ಆಪರೇಟರ್. "ವಿಷಯ, ಸಿಬ್ಬಂದಿ ವರ್ಗಾವಣೆ." ಬೆರಳ ಕೆಳಗೆ ಡಾಕ್ಟರ್ ಎದ್ದು ನಿಂತು ಕನ್ನಡಕ ತೆಗೆದ. "ಈ ಮೂಲಕ ತಿಳಿಸುವುದೇನೆಂದರೆ..." ಸೋದರಳಿಯ ಕಿಟಕಿಯ ಕಡೆ ಸರಿದ. ಬೆರಳು ಒಂದು ದಾರಿ, ಬಾಯಿ ಒಂದು ದಾರಿ. "ಈ ಕಚೇರಿಯಿಂದ ಯಾರನ್ನೂ ಎಲ್ಲಿಗೂ ವರ್ಗ ಮಾಡಿಲ್ಲ. ಅಷ್ಟೇ ಸಾರ್."

"ಸುಳ್ಳು!" ಎಂದರು ಹೆಡ್ ಕ್ಲರ್ಕ್. "ಅವರ ಬೆರಳು ಹದಿನೇಳು ಸಲ ಓಡಿದೆ. ನಾನು ಎಣಿಸಿದೀನಿ. ಯಾರೂ ಇಲ್ಲ ಅನ್ನೋಕೆ ಹದಿನೇಳು ಸಾಲು ಬೇಕೇನ್ರೀ?"

"ಹೇಳಿಬಿಡಿ ಅಣ್ಣ, ನಾನೇ ತಾನೆ?" ಎಂದು ಟೈಪಿಸ್ಟ್ ಅಕ್ಕ ಬಿಕ್ಕಿದಳು.

ಗೋಡೆಯ ಗಡಿಯಾರ ನಾಲ್ಕೂವರೆ ಹೊಡೆಯಿತು. ಒಂದು ಹೆಸರು ಹೇಳದ ಹೊರತು ಈ ಜನ ಓದಲು ಬಿಡುವುದಿಲ್ಲ. ಯಾರ ಹೆಸರು ಹೇಳಿದರೂ ಅವರ ಮನೆ ಹಾಳು. ಆಪರೇಟರನ ಒಳ್ಳೆಯತನವೂ ಅವಸರವೂ ಸೇರಿ ಒಂದೇ ಉಪಾಯ ಹೇಳಿಕೊಟ್ಟವು.

"ಒಂದೇ ಹೆಸರಿದೆ ಸಾರ್. ನನ್ನದು."

ಇಡೀ ಕೋಣೆ ಒಟ್ಟಿಗೆ ಉಸಿರು ಬಿಟ್ಟಿತು.

"ಎಲ್ಲಿಗೆ?"

ಒಳ್ಳೆಯ ಜಾಗದ ಹೆಸರು ಹೇಳಿದರೆ ನನಗ್ಯಾಕಿಲ್ಲ ಎಂದು ಮತ್ತೊಂದು ರಾಮಾಯಣ. ಯಾರಿಗೂ ಬೇಡದ್ದು ಯಾವುದಿದೆ? "ಗುಡ್ಡದಾಚೆ ಪಂಪ್‌ಹೌಸಿಗೆ," ಎಂದ ಆಪರೇಟರ್. ನಾಳೆ ಬೆಳಗ್ಗೆ 'ರದ್ದಾಯಿತಂತೆ' ಎಂದರಾಯಿತು. ಇನ್ನಾದರೂ ಇವರು ಹೋಗಲಿ ಎಂದು ಬೆರಳನ್ನು ಮತ್ತೆ ಚುಕ್ಕೆಯ ಮೇಲಿಟ್ಟ.

ಯಾರು ಹೋಗುತ್ತಾರೆ? ಕನಿಕರ ಎಲ್ಲರಿಗೂ ಉಕ್ಕಿ ಬಂದಿತ್ತು. ಹೆಡ್ ಕ್ಲರ್ಕ್ ಅವನ ಬಲಗೈಯನ್ನು ಎರಡೂ ಕೈಯಲ್ಲಿ ಹಿಡಿದು, "ನಿಮ್ಮಂಥ ಮನುಷ್ಯ ಸಿಗಲ್ಲ ಬಿಡಿ" ಎಂದು ಕುಲುಕತೊಡಗಿದರು. ಎಡಗೈ ಟೈಪಿಸ್ಟ್ ಅಕ್ಕನ ಪಾಲಾಯಿತು. ಕಣ್ಣಿದ್ದವನಾದರೆ ಇಷ್ಟು ಜನ ಕೈ ಕುಲುಕುತ್ತಿರುವಾಗಲೂ ಓರೆಗಣ್ಣಿನಲ್ಲಿ ಎರಡು ಸಾಲು ಓದಿಬಿಡುತ್ತಿದ್ದ. ಇವನ ಓದೆಲ್ಲ ಇರುವುದೇ ಆ ಕೈಗಳಲ್ಲಿ. ಒಬ್ಬರು ಬಿಟ್ಟರೆ ಇನ್ನೊಬ್ಬರು ಹಿಡಿದರು. ನಡುವೆ ಸಿಕ್ಕ ಅರೆಗಳಿಗೆಯಲ್ಲಿ ಬೆರಳು ಚಾಚಿದ. 'ಕೊಂದವರು ಬೇರೆ ಯಾರೂ ಅಲ್ಲ' ಎಂಬಲ್ಲಿಗೆ ಬಂದಾಗ ಜವಾನ ಬಂದು ಎರಡೂ ಕೈಯನ್ನು ಎದೆಗೊತ್ತಿಕೊಂಡು ಅತ್ತುಬಿಟ್ಟ.

ಅದರ ನಡುವೆ ಸಾಹೇಬರು ಹೆಡ್ ಆಫೀಸಿಗೆ ಫೋನ್ ಮಾಡಿದ್ದು ಕೇಳಿಸಿತು. "ಸಾರ್, ಬ್ರೈಲ್ ಪಟ್ಟಿ ತಲುಪಿದೆ. ಆಪರೇಟರ್‌ನ ಪಂಪ್‌ಹೌಸಿಗೆ ಇವತ್ತೇ ಬಿಡುಗಡೆ ಮಾಡ್ತಿದೀವಿ."

ಅತ್ತ ಕಡೆ ಒಂದು ಕ್ಷಣ ಮೌನ. ಹನ್ನೆರಡು ವರ್ಷ ಟೆಲಿಫೋನ್ ಹಿಡಿದ ಕಿವಿಗೆ ಆ ಮೌನ ಚೆನ್ನಾಗಿ ಗೊತ್ತು. ಏನೂ ಗೊತ್ತಿಲ್ಲದ ದೊಡ್ಡವರು ಎಲ್ಲ ಗೊತ್ತು ಎನ್ನುವ ಮೊದಲು ಅಷ್ಟು ಹೊತ್ತು ಬೇಕಾಗುತ್ತದೆ.

"ಹೌದು ಹೌದು," ಎಂದಿತು ಅತ್ತಲಿನ ದನಿ. "ನಾವೇ ಕಳಿಸಿದ್ದು. ಕೂಡಲೇ ಜಾರಿ ಮಾಡಿ. ಆದೇಶದ ನಂಬರ್ ಬರಕೊಳ್ಳಿ."

"ಸಾರ್!" ಆಪರೇಟರ್ ಕೂಗಿದ. "ಪಟ್ಟಿ ಗಿಟ್ಟಿ ಏನೂ ಬಂದಿಲ್ಲ ಸಾರ್! ನಾನು ಓದ್ತಿರೋದು ಕಾದಂಬರಿ! ಗಡಿಯಾರದಂಗಡಿ ಮುದುಕನ್ನ ಯಾರೋ ಕೊಂದುಬಿಟ್ಟಿದ್ದಾರೆ!"

ಕೋಣೆಯಲ್ಲಿ ಲೊಚಗುಟ್ಟಿದ ಸದ್ದು. "ಪಾಪ, ತಲೆಗೇ ಹತ್ತಿಬಿಡ್ತು," ಎಂದಳು ಟೈಪಿಸ್ಟ್ ಅಕ್ಕ. ಅವಳ ದನಿಯಲ್ಲಿ ಆ ದಿನ ಮೊದಲ ಸಲ ಅಳುವಿರಲಿಲ್ಲ.

ಗಡಿಯಾರ ಐದು ಹೊಡೆಯಿತು. ಕೈ ಬಿಡಿಸಿಕೊಂಡು ಆಪರೇಟರ್ ಯಂತ್ರ ಮುಟ್ಟಿದ. ಚುಕ್ಕೆಗಳೆಲ್ಲ ಒಂದೇ ಸಲ ಕೆಳಗಿಳಿದು ಯಂತ್ರದ ಮೈ ನುಣ್ಣಗಾಯಿತು. ಆಮೇಲೆ ಒಂದೇ ಸಾಲು ಎದ್ದಿತು: 'ಅವಧಿ ಮುಗಿದಿದೆ. ಸರದಿಯಲ್ಲಿ ನಿಮ್ಮ ಮುಂದೆ ಅರವತ್ತನಾಲ್ಕು ಓದುಗರಿದ್ದಾರೆ.' ಅವನಿಗೆ ಅಳು ಬಂತು. ಅತ್ತೂಬಿಟ್ಟ.

ಹೆಡ್ ಕ್ಲರ್ಕ್ ಟೈಪಾದ ಆದೇಶವನ್ನು ಅವನ ಜೇಬಿಗಿಟ್ಟು, ಬೆನ್ನು ಸವರಿ, ಸಮಾಧಾನ ಹೇಳಿದರು.

"ಅಳಬೇಡ್ರೀ. ನಾನು ಒಂದ್ಸಲ ಹೋಗಿ ಬಂದಿದೀನಿ ಆ ಪಂಪ್‌ಹೌಸಿಗೆ. ಸ್ವರ್ಗ ಅದು. ಗುಡ್ಡ ಅಡ್ಡ ಇರೋದ್ರಿಂದ ಫೋನಿಲ್ಲ, ಟವರಿಲ್ಲ, ನೆಟ್ಟಂತೂ ಕನಸಲ್ಲೂ ಸಿಗಲ್ಲ. ಯಾರ ಕಾಟಾನೂ ಇಲ್ಲ. ರಿಟೈರ್ ಆಗೋವರೆಗೂ ಆರಾಮಾಗಿ ಕೂತು ಪುಸ್ತಕ ಓದ್ಕೊಂಡಿರಿ."