ರೂಟರಿಗೊಂದು ತಗಡಿನ ಮನೆ

ನಮ್ಮ ಅತ್ತೆಯವರನ್ನು ಹೊಗಳಬೇಕೆಂದು ಕುಳಿತಿದ್ದೇನೆ. ಅಳಿಯನೊಬ್ಬ ಯಾರ ಬಲವಂತವೂ ಇಲ್ಲದೆ ಇಂಥ ಕೆಲಸಕ್ಕೆ ಕೈಹಾಕುವುದು ಅಪರೂಪವೆಂದು ನನಗೂ ಗೊತ್ತು. (ಬಲವಂತ ಖಂಡಿತ ಇಲ್ಲ. ಅತ್ತೆ ಪಕ್ಕದ ಕೋಣೆಯಲ್ಲಿದ್ದಾರೆ, ಬಾಗಿಲೂ ಮುಚ್ಚಿದೆ.) ಆದರೆ ಅವರನ್ನು ಹೊಗಳಬೇಕಾದರೆ ಮೊದಲು ನನ್ನ ಮಾನ ಕೊಂಚ ಹೋಗಬೇಕಾಗುತ್ತದೆ. ಮನೆಯೊಳಗೆ ಹೇಗೂ ಹೋಗಿಯಾಗಿದೆ, ಹೊರಗೂ ಹೋಗಲಿ ಬಿಡಿ.

ನಾನು ತಗಡಿನ ಕೆಲಸದವನು. ಟ್ರಂಕು, ಟೂಲ್ ಬಾಕ್ಸು, ಕಾಗದ ಹಾಕುವ ಡಬ್ಬ, ಏನು ಹೇಳಿದರೂ ಮಾಡಿಕೊಡುತ್ತೇನೆ. ಯಾವ ವಸ್ತುವಾದರೂ ಬಿಡಿಯಾಗಿ ಬಿದ್ದಿದ್ದರೆ ಅದಕ್ಕೊಂದು ಪೆಟ್ಟಿಗೆ ಮಾಡದೆ ನನಗೆ ನಿದ್ದೆ ಬರುವುದಿಲ್ಲ. ನಮ್ಮ ಮನೆಯಲ್ಲಿ ಟಿವಿ ರಿಮೋಟಿಗೆ ಪೆಟ್ಟಿಗೆ ಇದೆ, ಕೊಡೆಗೆ ಪೆಟ್ಟಿಗೆ ಇದೆ, ಸೋಪಿಗೆ ಬೀಗ ಹಾಕುವ ಪೆಟ್ಟಿಗೆ ಇದೆ. ಅತ್ತೆ ನಮ್ಮ ಜೊತೆ ಇರಲು ಬಂದ ದಿನ ನನ್ನ ಕೈಯಲ್ಲಿದ್ದ ಅಳತೆ ಟೇಪು ನೋಡಿ, "ನೋಡೀಪ್ಪಾ, ನನಗೇನಾದ್ರೂ ಮಾಡೋದಿದ್ರೆ ಮೊದ್ಲೇ ಹೇಳ್ಬಿಡಿ" ಎಂದಿದ್ದರು.

ನನ್ನ ಹೆಂಡತಿ ಹೊಲಿಗೆಯವಳು. ಬಟ್ಟೆ ಕತ್ತರಿಸುವುದರಲ್ಲಿ ಅವಳನ್ನು ಸರಿಗಟ್ಟುವವರಿಲ್ಲ. ಹೊಲಿಗೆ ಕಲಿಸುವ ದೊಡ್ಡ ಶಾಲೆಯೊಂದರಲ್ಲಿ ಶಿಕ್ಷಕಿಯ ಕೆಲಸಕ್ಕೆ ಅವಳು ಅರ್ಜಿ ಹಾಕಿದ್ದಳು. ಸಂದರ್ಶನ ಶುಕ್ರವಾರ ಮಧ್ಯಾಹ್ನ ನಾಲ್ಕಕ್ಕೆ, ಕಂಪ್ಯೂಟರಿನಲ್ಲಿ. ಅವಳು ಬಿಡಿಸಿದ ಕಟಿಂಗ್ ನಕ್ಷೆಗಳನ್ನು ಪರದೆಯ ಮೇಲೇ ತೋರಿಸಬೇಕಿತ್ತು. ಆ ಕೆಲಸ ಅವಳ ಎಷ್ಟೋ ವರ್ಷಗಳ ಆಸೆ. ಫೋನಿನ ಸಿಗ್ನಲ್ ನೆಚ್ಚಿಕೊಳ್ಳುವ ಹಾಗಿರಲಿಲ್ಲ, ಅದು ನಮ್ಮ ಟೆರೇಸಿನ ನೀರಿನ ಟ್ಯಾಂಕಿನವರೆಗೆ ಬಂದು ಅಲ್ಲೇ ನಿಂತುಬಿಡುತ್ತದೆ. ಇದ್ದದ್ದು ವೈಫೈ ಒಂದೇ.

"ರೀ, ಇವತ್ತೊಂದಿನ ಏನನ್ನೂ ಮುಟ್ಬೇಡಿ" ಎಂದು ಬೆಳಿಗ್ಗೆಯೇ ಅವಳು ಕೈಮುಗಿದು ಹೇಳಿದ್ದಳು.

ನಾನೇನು ಮಾಡಲಿ? ಪಕ್ಕದ ಮನೆಯ ಬೆಕ್ಕು ಕಿಟಕಿಯಿಂದ ಬಂದು, ಬೆಚ್ಚಗಿರುತ್ತದೆಂದು ವೈಫೈ ರೂಟರಿನ ಮೇಲೆಯೇ ಮಲಗುತ್ತದೆ. ಸಂದರ್ಶನದ ನಡುವೆ ಅದು ಮೈಮುರಿದು ರೂಟರನ್ನು ಕೆಳಗೆ ಕೆಡವಿದರೆ? ಹೆಂಡತಿಯ ಭವಿಷ್ಯ ಬೆಕ್ಕಿನ ಬಾಲದಲ್ಲಿ! ಅವಳು ಬೆಳಿಗ್ಗೆ ಹತ್ತಕ್ಕೆ ನೂಲು ತರಲು ಹೋದಾಗ, ವಾರವಿಡೀ ಗುಟ್ಟಾಗಿ ತಯಾರಿಸಿದ್ದ ಪೆಟ್ಟಿಗೆಯನ್ನು ಷೆಡ್ಡಿನಿಂದ ತಂದೆ. ಗಟ್ಟಿ ತಗಡು, ಚಿಲಕದ ಬಾಗಿಲು, ಆಕಾಶನೀಲಿ ಬಣ್ಣ. ರೂಟರನ್ನು ಒಳಗಿಟ್ಟು, ಅಲುಗಾಡದಂತೆ ಮೇಲೊಂದು ಪಟ್ಟಿ ಹಾಕಿ ರಿವೆಟ್ ಹೊಡೆದು ಬಿಗಿದೆ. ಬಾಗಿಲು ಮುಚ್ಚಿ ಎರಡು ಹೆಜ್ಜೆ ಹಿಂದೆ ನಿಂತು ನೋಡಿದಾಗ ಕಣ್ಣು ತುಂಬಿ ಬಂತು.

ಮೂರು ಗಂಟೆಗೆ ಹೊಲಿಗೆ ಕೋಣೆಯಿಂದ ಹೆಂಡತಿಯ ಕೂಗು ಕೇಳಿತು.

"ರೀ! ವೈಫೈ ಬರ್ತಿಲ್ಲ!"

ಗಂಡನಾದವನ ಬಾಳಿನಲ್ಲಿ ಇಂಥ ಸುವರ್ಣಾವಕಾಶ ಎಷ್ಟು ಸಲ ಬಂದೀತು? ಓಡಿದೆ. ಕಂಪ್ಯೂಟರನ್ನು ಆರಿಸಿ ಹಚ್ಚಿದೆ. ಬರಲಿಲ್ಲ. ಅದರ ಹಿಂದೆ ಸಿಕ್ಕಿಸಿದ್ದ, ಹೆಬ್ಬೆರಳಿನಷ್ಟಿರುವ ವೈಫೈ ತುಣುಕನ್ನು ಕಿತ್ತು ಊದಿದೆ, ಅಂಗಿಗೆ ತಿಕ್ಕಿದೆ. ಪರದೆಯಲ್ಲಿ ನಮ್ಮ ವೈಫೈ ಹೆಸರಿನ ಪಕ್ಕ 'ಮರೆತುಬಿಡು' ಎಂಬ ಗುಂಡಿ ಕಂಡಿತು. ಹಳೆಯ ಜಗಳವನ್ನೆಲ್ಲ ಮರೆತು ಹೊಸದಾಗಿ ಸಂಸಾರ ಮಾಡಲಿ ಎಂದು ಅದನ್ನೂ ಒತ್ತಿದೆ. ಕೊನೆಗೆ ಟೆರೇಸಿಗೆ ಹೋಗಿ ವೈಫೈ ಕಂಪನಿಗೆ ಫೋನ್ ಹಚ್ಚಿದೆ. 'ನಿಮ್ಮ ಕರೆ ನಮಗೆ ಬಹಳ ಮುಖ್ಯ' ಎಂದು ಒಂದು ಹೆಣ್ಣು ಧ್ವನಿ ಹನ್ನೆರಡು ನಿಮಿಷ ಹೇಳಿತು. ಮನೆಯಲ್ಲಿ ಯಾರೂ ನನಗೆ ಅಷ್ಟು ಹೊತ್ತು ಹಾಗೆ ಹೇಳಿದ್ದಿಲ್ಲ.

"ಕಂಪನಿಯೋರದ್ದೇ ತಪ್ಪು ಕಣೇ" ಎಂದು ಕೆಳಗಿಳಿದು ತೀರ್ಪು ಕೊಟ್ಟೆ.

"ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ" ಎಂದಳು ಹೆಂಡತಿ. ಅವಳ ಕಣ್ಣು ಗಡಿಯಾರದ ಮೇಲಿತ್ತು. ಮೂರೂ ಇಪ್ಪತ್ತೆಂಟು.

ಆಗ ಅತ್ತೆ ಕನ್ನಡಕ ಸರಿಮಾಡಿಕೊಳ್ಳುತ್ತ ಬಾಗಿಲಲ್ಲಿ ಬಂದು ನಿಂತರು. ಅವರು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತೊಂದು ವರ್ಷ ಆಪರೇಟರಾಗಿದ್ದವರು. ಒಂದು ಕಾಲಕ್ಕೆ ಊರಿನ ಮಾತೆಲ್ಲ ಅವರ ಬೆರಳ ತುದಿಯಲ್ಲಿ ಓಡಾಡುತ್ತಿತ್ತು. ಎಂಥ ದೊಡ್ಡ ಮನುಷ್ಯ ಕೂಗಾಡಿದರೂ "ಲೈನಿನಲ್ಲಿರಿ" ಎಂದು ಕೂರಿಸಿದ ಹೆಂಗಸು.

"ಅಳಿಯಂದ್ರೇ, ಒಂದು ಸಲಕ್ಕೆ ಒಂದೇ ತಂತಿ ಮುಟ್ಬೇಕು" ಎಂದರು.

"ಇದ್ರಲ್ಲಿ ತಂತೀನೇ ಇಲ್ಲ ಅತ್ತೆ. ವೈರ್‌ಲೆಸ್ಸು."

"ತಂತಿ ಇಲ್ದಿದ್ರೇನು, ತಲೆ ಇರ್ಬೇಕಲ್ಲ" ಎಂದು ಹೇಳಿ, ಪೆನ್ಸಿಲು, ಹಾಳೆ ಹಿಡಿದು ಸ್ಟೂಲಿನ ಮೇಲೆ ಕೂತರು. "ಬೈಗುಳ ಆಮೇಲೆ, ಮೊದ್ಲು ಲೆಕ್ಕ. ನೀವು ಮುಟ್ಟಿದ್ದೆಲ್ಲ ವರ್ಸೆಯಾಗಿ ಹೇಳಿ."

ಹೇಳಿದೆ. ಅವರು ಒಂದೊಂದನ್ನೂ ಗಂಟೆ ಸಮೇತ ಬರೆದುಕೊಂಡರು. ತುಣುಕಿನ ವಿಷಯಕ್ಕೆ ಬಂದಾಗ ಪೆನ್ಸಿಲು ನಿಂತಿತು.

"ಊದಿದ್ರಿ, ಒರೆಸಿದ್ರಿ. ವಾಪಸ್ ಹಾಕಿದ್ರಾ?"

ಹೆಂಡತಿ ನನ್ನ ಜೇಬಿಗೆ ಕೈಹಾಕಿ ಅದನ್ನು ಹೊರತೆಗೆದು ಸಿಕ್ಕಿಸಿದಳು. ಆದರೂ ವೈಫೈ ಬರಲಿಲ್ಲ.

"ಇದು ನೀವು ರಿಪೇರಿ ಮಾಡಕ್ಕೆ ಹೋಗಿ ಕೆಡಿಸಿದ್ದು. ಮೊದ್ಲಿನ ಕಾಯ್ಲೆ ಬೇರೆ ಇದೆ" ಎಂದರು ಅತ್ತೆ. "ಎಲ್ಲೀವರೆಗೆ ಸರಿ ಇತ್ತು?"

"ಬೆಳಿಗ್ಗೆ ಹತ್ತರವರೆಗೂ ಚೆನ್ನಾಗೇ ಇತ್ತಮ್ಮ" ಎಂದಳು ಹೆಂಡತಿ.

"ಹತ್ತಕ್ಕೆ ಏನಾಯ್ತು ಅಳಿಯಂದ್ರೇ?"

"ಏನೂ ಆಗ್ಲಿಲ್ಲ ಅತ್ತೆ. ರೂಟರ್ ಹೊಸ ಮನೆಗೆ ಹೋಯ್ತು, ಅಷ್ಟೇ."

ನಂಬಿ, ನನಗಿನ್ನೂ ಹೊಳೆದಿರಲಿಲ್ಲ. ಅದು ರಿಪೇರಿಯೆಂದು ನನ್ನ ಲೆಕ್ಕದಲ್ಲೇ ಇರಲಿಲ್ಲ, ಅದು ಕಲೆ. ಅತ್ತೆ ತಮ್ಮ ಫೋನು ಹಿಡಿದು ರೂಟರಿದ್ದ ಹಾಲಿಗೆ ನಡೆದರು. ಪೆಟ್ಟಿಗೆಯ ಪಕ್ಕದಲ್ಲೇ ನಿಂತರೂ ವೈಫೈ ಗೆರೆ ಒಂದೇ, ಅದೂ ಬಂದು ಹೋಗುತ್ತಿತ್ತು.

"ಬಾಗ್ಲು ತೆಗೀರಿ." ಗೆರೆಗಳೆಲ್ಲ ತುಂಬಿದವು. "ಮುಚ್ಚಿ." ಹೋದವು. "ಇನ್ನೊಂದ್ಸಲ ತೆಗೀರಿ." ಮೂರು ಸಲ ತೆಗೆಸಿ ಮುಚ್ಚಿಸಿದ ಮೇಲೆಯೇ ಅವರು ಹಾಳೆಯಲ್ಲಿ ಬರೆದದ್ದು. ಒಂದು ಸಲ ಕಂಡದ್ದನ್ನು ಅವರು ನಂಬುವುದಿಲ್ಲ. ನಾನಾಗಿದ್ದರೆ ಮೊದಲನೆಯ ಸಲಕ್ಕೇ ಕುಣಿದಾಡಿ ಇನ್ನೊಂದನ್ನು ಕೆಡಿಸುತ್ತಿದ್ದೆ. ಆ ಕ್ಷಣ ನನಗೆ ಅವರ ಮೇಲೆ ಉಕ್ಕಿ ಬಂದ ಗೌರವವನ್ನು ಹೇಳಲಾರೆ, ನನ್ನ ಮೇಲೆ ಉಕ್ಕಿ ಬಂದದ್ದನ್ನು ಹೇಳುವ ಹಾಗಿಲ್ಲ.

"ತಗಡು ಅಲೆಗಳನ್ನ ಹೊರಗೆ ಬಿಡಲ್ಲಪ್ಪಾ. ನಿಮ್ಮ ಕೆಲ್ಸ ಅಷ್ಟು ಗಟ್ಟಿ" ಎಂದರು. ಬೈದರೋ ಹೊಗಳಿದರೋ ಇವತ್ತಿಗೂ ತಿಳಿದಿಲ್ಲ.

ಬಾಗಿಲು ತೆರೆದಿಟ್ಟೆವು. ಕಂಪ್ಯೂಟರಿನಲ್ಲಿ ವೈಫೈ ಹೆಸರು ಬಂತು, ಜೊತೆಗೆ ಪಾಸ್‌ವರ್ಡ್ ಕೊಡಿ ಎಂಬ ಆಜ್ಞೆಯೂ ಬಂತು. 'ಮರೆತುಬಿಡು' ಎಂದಿದ್ದೆನಲ್ಲ, ಅದು ವಿಧೇಯವಾಗಿ ಎಲ್ಲವನ್ನೂ ಮರೆತಿತ್ತು. ಪಾಸ್‌ವರ್ಡ್ ಇದ್ದದ್ದು ರೂಟರಿನ ಹೊಟ್ಟೆಯ ಕೆಳಗೆ ಅಂಟಿಸಿದ ಚೀಟಿಯಲ್ಲಿ ಮಾತ್ರ. ರೂಟರಿನ ಮೇಲೆ ಪಟ್ಟಿ, ಪಟ್ಟಿಗೆ ಬಿಚ್ಚಲು ಬಾರದ ರಿವೆಟ್. ಮೂರೂ ನಲವತ್ತೇಳು.

ಹೆಂಡತಿ ನನ್ನತ್ತ ನೋಡಿದಳು. ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಅವಳ ಕಣ್ಣಲ್ಲಿ ನೀರಿತ್ತು. ನಾನು ಷೆಡ್ಡಿಗೆ ಓಡಿ ತಗಡು ಕತ್ತರಿ ತಂದು, ವಾರವಿಡೀ ಮಾಡಿದ್ದ ಪೆಟ್ಟಿಗೆಯನ್ನು ಎರಡೇ ನಿಮಿಷದಲ್ಲಿ ಸೀಳಿಹಾಕಿದೆ. ಆಕಾಶನೀಲಿ ಚೂರುಗಳು ನೆಲದ ತುಂಬ ಹರಡಿದವು.

ಚೀಟಿಯ ಅಕ್ಷರಗಳು ಇರುವೆಯಷ್ಟಿದ್ದವು. ನಾನು ಟಾರ್ಚು ಹಿಡಿದೆ. (ಅದೊಂದಕ್ಕೆ ಮಾತ್ರ ಅನುಮತಿ ಸಿಕ್ಕಿತ್ತು.) ಅತ್ತೆ ಒಂದೊಂದು ಅಕ್ಷರವನ್ನೂ ಎರಡೆರಡು ಸಲ, ಹಳೆಯ ಎಕ್ಸ್‌ಚೇಂಜಿನ ಧ್ವನಿಯಲ್ಲಿ ಓದಿದರು. ಆಕಾಶವೇ ಕಳಚಿ ಬಿದ್ದರೂ ಆ ಧ್ವನಿ ಮೊದಲು "ಲೈನಿನಲ್ಲಿರಿ" ಎಂದೇ ಹೇಳುತ್ತಿತ್ತು. ಅಮ್ಮ ಹೇಳುತ್ತಿದ್ದರೆ ಮಗಳು ಒತ್ತುತ್ತಿದ್ದಳು. ಮೂರೂ ಐವತ್ತಾರಕ್ಕೆ ವೈಫೈ ಬಂತು.

"ಹೋಗೇ, ಮುಖ ತೊಳ್ಕೊಂಡ್ ಬಾ" ಎಂದರು ಅತ್ತೆ. ನಾನು ಆ ಮಹಾತಾಯಿಗೆ ಮನಸ್ಸಿನಲ್ಲೇ ಉದ್ದಕ್ಕೆ ಅಡ್ಡಬಿದ್ದೆ.

ನಾಲ್ಕಕ್ಕೆ ಸಂದರ್ಶನ ಶುರುವಾಯಿತು. ಅತ್ತೆ, ನಾನು ಬಾಗಿಲ ಹಿಂದೆ ಸಂದಿಯಲ್ಲಿ ಇಣುಕುತ್ತ ನಿಂತೆವು. ನಕ್ಷೆಗಳನ್ನು ನೋಡಿ ಶಾಲೆಯ ಮುಖ್ಯಸ್ಥೆ ಎರಡು ಸಲ "ವಾಹ್" ಎಂದರು. ಆಮೇಲೆ ಕೇಳಿದರು:

"ಒಬ್ಬ ವಿದ್ಯಾರ್ಥಿಗೆ ಹುರುಪು ಜಾಸ್ತಿ, ಕಿವಿ ಕಮ್ಮಿ. ನೀವು ಹೇಳೋ ಮೊದ್ಲೇ ಬಟ್ಟೆ ಕತ್ತರಿಸಿಬಿಡ್ತಾನೆ. ಏನ್ಮಾಡ್ತೀರಿ?"

ಹೆಂಡತಿ ಒಂದು ಕ್ಷಣವೂ ಯೋಚಿಸಲಿಲ್ಲ.

"ಬೈಯಲ್ಲ ಮೇಡಂ. ಏನೇನು ಮಾಡ್ದ ಅಂತ ಅವನ ಬಾಯಿಂದಾನೇ ಒಂದೊಂದಾಗಿ ಹೇಳಿಸ್ತೀನಿ. ಕೆಡಿಸಿದ್ದನ್ನ ಅವನ ಕೈಯಿಂದಾನೇ ಬಿಚ್ಚಿಸ್ತೀನಿ. ಅಂಥವರು ಕೆಡಿಸೋದು ಪ್ರೀತಿಯಿಂದ ಮೇಡಂ, ಕೈಬಿಡಕ್ಕೆ ಮನಸ್ಸು ಬರಲ್ಲ."

ನಾನು ಸೊರ್ರೆಂದು ಮೂಗೆಳೆದೆ. ಅತ್ತೆ ತುಟಿಯ ಮೇಲೆ ಬೆರಳಿಟ್ಟು ಸುಮ್ಮನಿರಿಸಿದರು.

"ಅನುಭವದ ಮಾತು ಇದು" ಎಂದರು ಮುಖ್ಯಸ್ಥೆ. "ಎಷ್ಟು ವರ್ಷದಿಂದ ಕಲಿಸ್ತಿದ್ದೀರಿ?"

"ಹತ್ತೊಂಬತ್ತು ವರ್ಷ." (ನಮ್ಮ ಮದುವೆಗೂ ಅಷ್ಟೇ ವಯಸ್ಸು.)

"ಎಷ್ಟು ಜನ ವಿದ್ಯಾರ್ಥಿಗಳು?"

"ಒಬ್ಬನೇ ಮೇಡಂ."

"ಪಾಸಾದ್ನಾ?"

ಹೆಂಡತಿ ಬಾಗಿಲ ಕಡೆ ಒಮ್ಮೆ ನೋಡಿದಳು. "ಇಲ್ಲ ಮೇಡಂ. ಇವತ್ತೂ ಫೇಲೇ."

ಪರದೆಯಾಚೆ ಆ ಹೆಂಗಸು ಮನಸಾರೆ ನಕ್ಕರು. "ಇಂಥ ತಾಳ್ಮೆಯೋರು ನಮಗೆ ಎಲ್ಲಿ ಸಿಗ್ತಾರೆ? ಸೋಮವಾರದಿಂದ ಬಂದ್ಬಿಡಿ. ಆ ವಿದ್ಯಾರ್ಥಿನ ಮಾತ್ರ ಮನೇಲೇ ಬಿಟ್ಟು ಬನ್ನಿ."