ಹೌದಾದಲ್ಲಿ ವಿವರ ನೀಡಿ

ಸರ್ಕಾರಿ ಫಾರಂ ಕಂಡರೆ ನನ್ನ ಕೈ ತಾನಾಗಿಯೇ ‘ಇಲ್ಲ’ ಎಂದು ಬರೆಯುತ್ತದೆ. ಮೊದಲು ಹೀಗಿರಲಿಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ, ‘ಕಚೇರಿಯ ಮಾಳಿಗೆ ಸೋರುತ್ತಿದೆಯೇ?’ ಎಂಬ ಪ್ರಶ್ನೆಗೆ, ಸೋರುವ ಮಾಳಿಗೆಯ ಕೆಳಗೇ ಕೂತು ‘ಹೌದು’ ಎಂದು ಬರೆದಿದ್ದೆ. ಅದರ ಮುಂದೆಯೇ ಇತ್ತು: ‘ಹೌದಾದಲ್ಲಿ ವಿವರ ನೀಡಿ.’ ಕೊಟ್ಟೆ. ವಿವರದ ವಿವರ ಕೇಳಿದರು. ಮೂರು ಮಳೆಗಾಲ ಕಳೆದರೂ ಮಾಳಿಗೆ ಸೋರುತ್ತಲೇ ಇತ್ತು, ನಾನು ಬರೆಯುತ್ತಲೇ ಇದ್ದೆ. ಅಂದಿನಿಂದ ‘ಇಲ್ಲ’ ನನ್ನ ಮನೆದೇವರು. ಹೆಂಡತಿ ಇನ್ನೊಂದು ರೊಟ್ಟಿ ಬೇಕೇ ಎಂದರೂ ಇಲ್ಲ ಎಂದುಬಿಟ್ಟು, ಆಮೇಲೆ ಬರಿದಾದ ಬುಟ್ಟಿ ನೋಡಿ ಮರುಗುತ್ತೇನೆ.

ಈಗ ಹೇಳಹೊರಟಿರುವುದು ರೊಟ್ಟಿಯಂಥ ಸಣ್ಣ ಮರುಕವಲ್ಲ. ಜೇವರ್ಗಿಯ ನಮ್ಮ ಕಚೇರಿಯಲ್ಲಿ ಟಪಾಲು ನೋಡಿಕೊಳ್ಳುತ್ತಿದ್ದವರು ಇಸ್ಮಾಯಿಲ್ ಭಾಯ್, ಮೂಲ ಮಣ್ಣೂರಿನವರು. ಹುಟ್ಟಿನಿಂದಲೇ ಅವರಿಗೆ ಕಣ್ಣು ಕಾಣದು. ಪರದೆಯ ಮೇಲಿದ್ದದ್ದನ್ನು ಕಂಪ್ಯೂಟರೇ ಓದಿ ಅವರ ಕಿವಿಗೆ ಹೇಳುತ್ತಿತ್ತು. ಬಂದ ಪತ್ರದ ವಿಷಯವನ್ನು ಯಾರಾದರೂ ಒಮ್ಮೆ ಓದಿದರೆ ಸಾಕು, ಮೌಸ್ ಮುಟ್ಟದೆ ಟಕಟಕನೆ ದಾಖಲು ಮಾಡುತ್ತಿದ್ದರು. ಎರಡು ಕಣ್ಣಿದ್ದೂ ನಾನು ಕಳೆದುಕೊಂಡ ಕಾಗದವನ್ನು ಅವರು ಕೂತಲ್ಲಿಂದಲೇ ಹುಡುಕಿಕೊಡುತ್ತಿದ್ದರು. “ಆಳಂದದ ಕಾಗದ ನಿಮ್ಮ ಟೇಬಲ್ ಮ್ಯಾಗೇ ಅದರಿ ಪಾಟೀಲ್ರ. ಚಹಾದ ಕಪ್ಪಿನ ಕೆಳಗ ನೋಡ್ರಿ,” ಎನ್ನುವರು. ಅಲ್ಲೇ ಇರುತ್ತಿತ್ತು.

ಟಪಾಲಿಗೆ ಹೊಸ ತಂತ್ರಾಂಶ ಬರುವ ಮುಂಚೆ ಮೇಲಿನವರಿಂದ ಒಂದು ಫಾರಂ ಬಂತು. ‘ಹೊಸ ವ್ಯವಸ್ಥೆಯಿಂದ ಯಾವುದೇ ಸಿಬ್ಬಂದಿಗೆ ತೊಂದರೆಯಾಗಬಹುದೇ?’ ನಾನು ತಲೆಯೆತ್ತಿ ನೋಡಿದೆ. ಇಸ್ಮಾಯಿಲ್ ಭಾಯ್ ನಮ್ಮೆಲ್ಲರಿಗಿಂತ ಜೋರಾಗಿ ಟೈಪ್ ಮಾಡುತ್ತಿದ್ದರು. ಇಂಥ ಕಚೇರಿಯಲ್ಲಿ ಯಾರಿಗೆ ತೊಂದರೆ? ದೇವರಾಣೆಗೂ ಅವರಿಗೆ ಕಣ್ಣಿಲ್ಲವೆಂಬುದು ಆ ಕ್ಷಣ ನನಗೆ ನೆನಪಾಗಲಿಲ್ಲ. ‘ಇಲ್ಲ’ ಎಂದು ಬರೆದು ಸಹಿ ಹಾಕಿದೆ. ಅವರನ್ನು ಬೇರೆಯವರೆಂದು ಎಣಿಸದಿರುವುದು ನನ್ನ ದೊಡ್ಡ ಗುಣವೆಂದು ಕೆಲವು ದಿನ ಹಿಗ್ಗಿದ್ದೂ ಉಂಟು.

ಹೊಸ ವ್ಯವಸ್ಥೆ ಬಂತು. ಒಳಗೆ ಹೋಗಲು ಸೊಟ್ಟ ಸೊಟ್ಟ ಅಕ್ಷರಗಳನ್ನು ನೋಡಿ ಬರೆಯಬೇಕು. ಹೋದ ಮೇಲೆ ಬಣ್ಣದ ಚಿತ್ರಗಳನ್ನು ಒತ್ತಬೇಕು. ಇಸ್ಮಾಯಿಲ್ ಭಾಯ್ ಅವರ ಕಂಪ್ಯೂಟರ್ ‘ಚಿತ್ರ, ಚಿತ್ರ, ಚಿತ್ರ’ ಎಂದಷ್ಟೇ ಹೇಳಿ ಸುಮ್ಮನಾಗುತ್ತಿತ್ತು. ಎರಡು ವಾರ ಹೆಣಗಿದರು. ಆಮೇಲೆ ಟಪಾಲು ಬೇರೆಯವರ ಪಾಲಾಯಿತು. ಬಂದ ಜನಕ್ಕೆ ಯಾವ ಟೇಬಲ್ಲಿಗೆ ಹೋಗಬೇಕೆಂದು ಹೇಳಲು ಬಾಗಿಲ ಬಳಿ ಅವರಿಗೊಂದು ಕುರ್ಚಿ ಹಾಕಿದೆವು.

“ಭಾಳ ದುಡದೀರಿ ಭಾಯ್, ಇನ್ನ ಆರಾಮ ಕೂಡ್ರಿ,” ಎಂದೆ.

“ಕೂಡಾಕ ನೌಕರಿಗೆ ಬಂದಿಲ್ರಿ ಪಾಟೀಲ್ರ,” ಎಂದರು.

ಆ ಮಾತು ನನ್ನನ್ನು ಕೂಡಗೊಡಲಿಲ್ಲ. ಮೇಲಿನವರಿಗೆ ಬರೆಯೋಣವೆಂದು ಹಾಳೆ ಹಿಡಿದು ಅವರ ಪಕ್ಕ ಕೂತೆ. ಬರೆಯಲು ಹೋದರೆ ನನಗೇನೂ ಗೊತ್ತಿಲ್ಲ. ನೀವು ಇಷ್ಟು ದಿನ ಕೆಲಸ ಹೇಗೆ ಮಾಡುತ್ತಿದ್ದಿರಿ, ಈಗ ಏನು ಸರಿಪಡಿಸಬೇಕು ಎಂದು ಅವರನ್ನೇ ಕೇಳಿದೆ.

“ಹದಿನೆಂಟು ವರ್ಷದಾಗ ಇವತ್ತೇ ಕೇಳಾಕತ್ತೀರಿ ನೋಡ್ರಿ,” ಎಂದು ನಕ್ಕರು. “ಭಾಳ ದೊಡ್ಡ ಕೆಲಸ ಏನಿಲ್ರಿ. ಒಂದೊಂದು ಚಿತ್ರಕ್ಕ ಒಂದೊಂದು ಹೆಸರು ಕೊಟ್ರ ಮಷೀನು ಓದ್ತದ. ಸೊಟ್ಟ ಅಕ್ಷರದ ಬದಲಿ ಕಿವಿಗೆ ಕೇಳೂವಂಗ ಮಾಡ್ಲಿ. ಮೊದಲ ಕೇಳಿದ್ರ ಅವಾಗೇ ಹೇಳ್ತಿದ್ದೆ.”

ಅವರು ನಗದೆ ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ಬರೆದೆ. ‘ತೊಂದರೆ ಇಲ್ಲವೆಂದು ತಾವೇ ದೃಢೀಕರಿಸಿದ್ದೀರಿ’ ಎಂಬ ಉತ್ತರ ಬಂತು, ಜೊತೆಗೆ ನನ್ನದೇ ಫಾರಂನ ನಕಲು. ಸಹಿ ಬಹಳ ದುಂಡಗಿತ್ತು. ಮತ್ತೆ ಬರೆದೆ, ಮತ್ತೆ ಕೇಳಿದರು. ಅಷ್ಟರಲ್ಲಿ ವರ್ಷ ಉರುಳಿ ಇಸ್ಮಾಯಿಲ್ ಭಾಯ್ ಆ ಕುರ್ಚಿಯಿಂದಲೇ ನಿವೃತ್ತರಾದರು. ಹಾರ ಹಾಕಿ ಅವರ ದುಡಿಮೆಯನ್ನು ಹೊಗಳಿ ಭಾಷಣ ಮಾಡಿದವನೂ ನಾನೇ. ಹೊರಡುವಾಗ ನನ್ನ ಕೈ ಹಿಡಿದು, “ಟಪಾಲು ತಪ್ಪದಂಗ ನೋಡ್ಕೋರಿ,” ಎಂದರು.

ಮೊನ್ನೆ ಮೇಲಿನಿಂದ ಕೊನೆಗೂ ಒಂದು ಫಾರಂ ಬಂದಿದೆ. ‘ಸದರಿ ಸಿಬ್ಬಂದಿಗೆ ತೊಂದರೆ ಈಗಲೂ ಇದೆಯೇ? ಹೌದಾದಲ್ಲಿ ವಿವರ ನೀಡಿ.’ ವಿವರವೆಲ್ಲ ನನಗೀಗ ಬಾಯಿಪಾಠ. ಆದರೆ ಸದರಿ ಸಿಬ್ಬಂದಿ ಮಣ್ಣೂರಿನಲ್ಲಿದ್ದಾರೆ. ನಿಜ ಬರೆಯಬೇಕೆಂದರೆ ಈ ಸಲವೂ ‘ಇಲ್ಲ’ ಎಂದೇ ಬರೆಯಬೇಕು. ಫಾರಂ ನಾಲ್ಕು ದಿನದಿಂದ ನನ್ನ ಚಹಾದ ಕಪ್ಪಿನ ಕೆಳಗಿದೆ, ನನ್ನ ಕೈ ಬರೆಯಲು ಒಪ್ಪುತ್ತಿಲ್ಲ.